ಅಪ್ಪನ ಸ್ಪ್ಲೆಂಡರ್ ಮೈಲೇಜ್ 65ರಿಂದ 42ಕ್ಕೆ ಇಳಿದಿದೆ, ಇಂಜಿನ್ ಬಿಚ್ಚಿಸ್ಲಾ ಬೇಡ್ವಾ?

ಕಲ್ಪತರು_44:

ಎಲ್ರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದ್ಲು. ನಂದು ತಿಪಟೂರು ಹತ್ರ ಒಂದು ಹಳ್ಳಿ, ದಿನಾ ಅರಸೀಕೆರೆಗೆ ಕೆಲ್ಸಕ್ಕೆ ಹೋಗ್ಬರ್ತೀನಿ, ಎರಡೂ ಕಡೆ ಸೇರಿ ಹತ್ರತ್ರ 50 ಕಿಲೋಮೀಟರ್ ಆಗುತ್ತೆ. ಗಾಡಿ ನಮ್ಮಪ್ಪಂದು, ಸ್ಪ್ಲೆಂಡರ್ ಪ್ಲಸ್, 2009ರ ಮಾಡೆಲ್, ಟ್ಯಾಂಕ್ ಮೇಲೆ ಇನ್ನೂ ಹೀರೋ ಹೋಂಡಾ ಅಂತಾನೇ ಇದೆ. ಕೊಬ್ಬರಿ ಚೀಲ ಕಟ್ಕೊಂಡು ಎಪಿಎಂಸಿಗೆ ಹೋಗಿದ್ದು, ನನ್ನ ಕಾಲೇಜಿಗೆ ಸೇರಿಸೋಕೆ ತುಮಕೂರಿಗೆ ಕರ್ಕೊಂಡು ಹೋಗಿದ್ದು, ಅಜ್ಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಎಲ್ಲಾ ಇದ್ರಲ್ಲೇ. ಅಪ್ಪ ತೀರ್ಕೊಂಡು ಎರಡು ವರ್ಷ ಆಯ್ತು, ಆವಾಗಿಂದ ನಾನು ಓಡಿಸ್ತಿದೀನಿ. ಮೀಟರ್ 94 ಸಾವಿರ ತೋರಿಸ್ತಿದೆ.

ವಿಷ್ಯ ಏನಂದ್ರೆ ಮೂರು ತಿಂಗಳ ಹಿಂದಿನವರೆಗೂ ಲೀಟರ್‌ಗೆ 65 ಕೊಡ್ತಿತ್ತು, ಈಗ 42. ರಿಸರ್ವ್‌ಗೆ ಬಿದ್ದಾಗ ಒಂದು ಲೀಟರ್ ಹಾಕಿಸಿ ಮತ್ತೆ ರಿಸರ್ವ್‌ಗೆ ಬೀಳೋವರೆಗೂ ಓಡಿಸಿ ನೋಡ್ದೆ, ಮೂರು ಸಲಾನೂ ಅಷ್ಟೇ. ಪಿಕಪ್ ಸತ್ತೋಗಿದೆ, ಮೊದ್ಲು ನಾಲ್ಕನೇ ಗೇರಲ್ಲಿ ಹತ್ತುತಿದ್ದ ಏರಿಗೆ ಈಗ ಮೂರಕ್ಕೆ ಹಾಕ್ಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಒಂದು ನಿಮಿಷ ನೀಲಿ ಹೊಗೆ ಬರುತ್ತೆ, ಆಮೇಲೆ ಇರಲ್ಲ. ಮೆಕ್ಯಾನಿಕ್ ಹತ್ರ ತೋರಿಸ್ದೆ, ಹೊಗೆ ನೋಡಿದ ತಕ್ಷಣ ಬೋರ್ ಹೋಗಿದೆ, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್ ಸವೆದಿದೆ, ಇಂಜಿನ್ ಇಳಿಸ್ಬೇಕು, ಬೋರ್ ಪಿಸ್ಟನ್ ಕಿಟ್ ಕೂಲಿ ಎಲ್ಲಾ ಸೇರಿ ಎಂಟೂವರೆ ಸಾವಿರ ಆಗುತ್ತೆ, ಅಡ್ವಾನ್ಸ್ ಮೂರು ಸಾವಿರ ಕೊಡಿ ಅಂದ್ರು.

ಮೂರು ತಿಂಗಳ ಹಿಂದೆ ಬೇರೆ ಕಡೆ ಸರ್ವಿಸ್ ಮಾಡ್ಸಿದ್ದೆ. ಚೈನ್ ಲೂಸ್ ಆಗಿ ಕವರ್‌ಗೆ ಬಡೀತಿತ್ತು, ಅದನ್ನ ಬಿಗಿ ಮಾಡಿದ್ರು. ಹಳೇ ಇಂಜಿನ್ ಸೌಂಡ್ ಕಮ್ಮಿ ಆಗುತ್ತೆ ಅಂತ ಸ್ವಲ್ಪ ದಪ್ಪ ಆಯಿಲ್ ಹಾಕಿದ್ರು. ಅಷ್ಟೇ ಮಾಡ್ಸಿರೋದು.

ಮನೇಲಿ ಮಾವ ಮಾರ್ಬಿಡು ಅಂತಾರೆ, ಊರಲ್ಲೊಬ್ರು 15 ಸಾವಿರಕ್ಕೆ ಕೇಳ್ತಾನೂ ಇದಾರೆ. ಅಮ್ಮ ಏನೂ ಹೇಳಲ್ಲ, ಆದ್ರೆ ಸಂಜೆ ಈ ಗಾಡಿ ಸೌಂಡ್ ಕೇಳಿದ್ರೆ ಬಾಗ್ಲಿಗೆ ಬಂದು ನಿಲ್ತಾರೆ. ನಂಗೆ ಮಾರೋಕೆ ಮನಸ್ಸಿಲ್ಲ. ದಸರಾ ರಜೇಲಿ ಜಾವಗಲ್, ಬೆಳವಾಡಿ ಮೇಲಿಂದ ಚಿಕ್ಕಮಗಳೂರಿಗೆ ಹೋಗಿ ಅಯ್ಯನಕೆರೆ ನೋಡ್ಕೊಂಡು ಬರ್ಬೇಕು ಅಂತ ಆಸೆ. ಅಪ್ಪ ಯಾವಾಗ್ಲೂ ಅಯ್ಯನಕೆರೆ ತುಂಬಿದಾಗ ಕರ್ಕೊಂಡು ಹೋಗ್ತೀನಿ ಕಣೋ ಅಂತಿದ್ರು, ಆಗ್ಲೇ ಇಲ್ಲ. ಗೊತ್ತಿರೋರು ಹೇಳಿ, ಇಂಜಿನ್ ಬಿಚ್ಚಿಸ್ಲೇಬೇಕಾ?


ರೆಡ್_ಟ್ಯಾಂಕ್:

ಬ್ರೋ ಇದೆಲ್ಲಾ ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿರೋ ಪೆಟ್ರೋಲ್ ಎಫೆಕ್ಟ್. ನಮ್ಮನೇಲೂ ಹಳೇ ಗಾಡಿ ಮೈಲೇಜ್ ಇಳಿದಿದೆ. 2009ರ ಗಾಡಿಗೆ ಎಂಟು ಸಾವಿರ ಹಾಕೋದ್ಕಿಂತ ಬಂದಷ್ಟಕ್ಕೆ ಕೊಟ್ಬಿಟ್ಟು ಅದೇ ದುಡ್ಡು ಹೊಸ ಗಾಡಿ ಡೌನ್ ಪೇಮೆಂಟ್‌ಗೆ ಹಾಕಿ, ನನ್ನ ಅಭಿಪ್ರಾಯ.


ಸ್ಪ್ಯಾನರ್_ದಾವಣಗೆರೆ:

ತಮ್ಮ, ಮೊದ್ಲು ಒಂದು ಮಾತು, ಯಾರಿಗೂ ಅಡ್ವಾನ್ಸ್ ಕೊಡ್ಬ್ಯಾಡ. ನಾನು ದಾವಣಗೆರೇಲಿ 22 ವರ್ಷದಿಂದ ಗ್ಯಾರೇಜ್ ಇಟ್ಕಂಡೀನಿ, ಈ 97.2 ಸಿಸಿ ಇಂಜಿನ್ನು ಎಷ್ಟು ಬಿಚ್ಚಿ ಕಟ್ಟೀನೋ ಲೆಕ್ಕ ಇಟ್ಟಿಲ್ಲ. ಬೋರ್ ಹೋಗೋದು ಒಂದು ದಿನಕ್ಕೆ ಆಗೋ ಕೆಲ್ಸ ಅಲ್ಲ. ಪಿಸ್ಟನ್ ರಿಂಗ್ ಸವೆದ್ರೆ 65 ಇದ್ದಿದ್ದು 62 ಆಗಿ ಆಮೇಲೆ 60 ಆಗಿ ವರ್ಷಗಟ್ಲೆ ನಿಧಾನಕ್ಕೆ ಇಳೀತೈತೆ. ನಿಂದು ಮೂರು ತಿಂಗಳಲ್ಲಿ 23 ಇಳಿದೈತೆ, ಅದೂ ಸರ್ವಿಸ್ ಮಾಡ್ಸಿದ್ಮೇಲೆ. ಅಂದ್ರೆ ಸರ್ವಿಸ್‌ನಲ್ಲಿ ಏನೇನು ಮುಟ್ಟಿದ್ರೋ ಅಲ್ಲಿಂದ್ಲೇ ಹುಡುಕ್ಬೇಕು. ಚೈನ್ ಬಿಗಿ ಮಾಡಿದ್ರು, ದಪ್ಪ ಆಯಿಲ್ ಹಾಕಿದ್ರು ಅಂತ ನೀನೇ ಬರ್ದಿದೀಯ, ನನ್ನ ಕಣ್ಣಿಗೆ ಅವೆರಡೇ ಮೊದ್ಲು ಬಿದ್ದಿದ್ದು.

ಚೈನ್ ಬಿಗಿ ಮಾಡೋದು ಹೆಂಗೆ? ಹಿಂದಿನ ಚಕ್ರದ ಆಕ್ಸೆಲ್ ನಟ್ ಸಡ್ಲ ಮಾಡಿ ಚಕ್ರಾನ ಹಿಂದಕ್ಕೆ ಎಳೀತಾರೆ. ಚಕ್ರ ಹಿಂದಕ್ಕೆ ಹೋದ್ರೆ ಬ್ರೇಕ್ ಪ್ಲೇಟೂ ಜೊತೆಗೇ ಹೋಗ್ತೈತೆ, ಆದ್ರೆ ಪೆಡಲ್ ಇಂದ ಬಂದಿರೋ ಬ್ರೇಕ್ ರಾಡ್ ಉದ್ದ ಅಷ್ಟೇ ಇರ್ತೈತೆ. ಹಂಗಾಗಿ ರಾಡು ತಾನಾಗೇ ಎಳ್ಕಂಡು ಬ್ರೇಕ್ ಲೈನರ್, ಅಂದ್ರೆ ಉಜ್ಜಿ ಚಕ್ರ ನಿಲ್ಸೋ ಪಟ್ಟಿ, ಚಕ್ರದ ಡ್ರಮ್ಮಿಗೆ ತಾಗ್ತೈತೆ. ಚೈನ್ ಬಿಗಿ ಮಾಡಿದೋರು ಆಮೇಲೆ ಬ್ರೇಕ್ ನಟ್ ಸಡ್ಲ ಮಾಡಿ ಪೆಡಲ್ ಪ್ಲೇ, ಅಂದ್ರೆ ಬ್ರೇಕ್ ಹಿಡಿಯೋಕೆ ಮುಂಚೆ ಪೆಡಲ್ ಸುಮ್ನೆ ಆಡೋ ಜಾಗ, ಬಿಡ್ಲೇಬೇಕು. ಮರೆತ್ರೆ ನೀನು ದಿನಾ 50 ಕಿಲೋಮೀಟರ್ ಅರ್ಧಂಬರ್ಧ ಬ್ರೇಕ್ ಹಿಡ್ಕಂಡೇ ಓಡಿಸ್ದಂಗೆ. ಪಿಕಪ್ಪೂ ಇರಲ್ಲ ಮೈಲೇಜೂ ಇರಲ್ಲ, ಇಂಜಿನ್ ಮೇಲೆ ಅಪವಾದ ಬರ್ತೈತೆ. ನನ್ನ ಗ್ಯಾರೇಜಿಗೆ ಇಂಜಿನ್ ಬಿಚ್ಚೋಕೆ ಅಂತ ತಂದ ಗಾಡೀಲಿ ಎಷ್ಟೋ ಇದೇ ಕೇಸು.

ನೋಡೋದು ಸುಲಭ. ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ ಮಾಡಿ ಹಿಂದಿನ ಚಕ್ರ ಕೈಲಿ ತಿರುಗ್ಸು. ಚೈನ್ ಇರೋದ್ರಿಂದ ಮುಂದಿನ ಚಕ್ರದಷ್ಟು ತಿರುಗಲ್ಲ ಆದ್ರೂ ಎರಡ್ಮೂರು ಸುತ್ತಾದ್ರೂ ಬರ್ಬೇಕು. ಅರ್ಧ ಸುತ್ತಿಗೇ ನಿಂತ್ರೆ, ಸರ್ ಸರ್ ಅಂತ ಉಜ್ಜೋ ಸದ್ದು ಬಂದ್ರೆ ಅಲ್ಲೇ ಐತೆ ಕಳ್ಳ. ಇನ್ನೊಂದು, ಐದಾರು ಕಿಲೋಮೀಟರ್ ಹಿಂದಿನ ಬ್ರೇಕ್ ಮುಟ್ಟದಂಗೆ ಓಡಿಸಿ, ನಿಲ್ಸಿ, ಎರಡೂ ಡ್ರಮ್ ಹತ್ರ ಕೈ ತಗಂಡ್ಹೋಗು, ಮೊದ್ಲೇ ಮುಟ್ಬ್ಯಾಡ ಸುಟ್ಟೀತು. ಮುಂದಿಂದಕ್ಕಿಂತ ಹಿಂದಿಂದು ಕಾದಿದ್ರೆ ಬ್ರೇಕ್ ಹಿಡೀತಾ ಐತೆ ಅಂತ. ಪೆಡಲ್ಲು ಎರಡು ಎರಡೂವರೆ ಸೆಂಟಿಮೀಟರ್ ಸುಮ್ನೆ ಒತ್ತಿದ್ಮೇಲೆ ಬ್ರೇಕ್ ಹಿಡಿಯೋಕೆ ಶುರು ಆಗ್ಬೇಕು. ನಟ್ ಸಡ್ಲ ಮಾಡಿದ್ರೂ ಹೋಗ್ಲಿಲ್ಲ ಅಂದ್ರೆ ಲೈನರ್ ಅಗಲ್ಸೋ ಬ್ರೇಕ್ ಕ್ಯಾಮ್ ಒಣಗಿ ಜಾಮ್ ಆಗಿರ್ತೈತೆ, ಚಕ್ರ ಬಿಚ್ಚಿ ಕ್ಯಾಮ್ ತೆಗೆದು ಉಜ್ಜಿ ಚೂರು ಗ್ರೀಸ್ ಹಚ್ಬೇಕು, ಲೈನರಿಗೆ ಗ್ರೀಸ್ ತಾಗ್ಬಾರ್ದು. ಬ್ರೇಕ್ ಪ್ಲೇಟ್ ಮೇಲೆ ಒಂದು ಬಾಣದ ಗುರ್ತು ಐತೆ, ಬ್ರೇಕ್ ಪೂರ್ತಿ ಒತ್ತಿದಾಗ ಕ್ಯಾಮ್ ಮೇಲಿನ ಬಾಣ ಅಲ್ಲಿಗೆ ಬಂದ್ರೆ ಲೈನರ್ ಮುಗಿದೈತೆ ಅಂತ ಅರ್ಥ.

ಚೈನ್ ಜಾಸ್ತಿ ಬಿಗಿ ಮಾಡಿರ್ಬೋದು, ಅದೂ ನೋಡು. ಕವರ್ ಕೆಳಗಿರೋ ರಬ್ಬರ್ ಬಿರಡೆ ತೆಗೆದು ಬೆರಳಿಂದ ಮೇಲಕ್ಕೆ ಕೆಳಕ್ಕೆ ಆಡ್ಸಿ ನೋಡಿದ್ರೆ ಎರಡರಿಂದ ಮೂರು ಸೆಂಟಿಮೀಟರ್ ಆಡ್ಬೇಕು. ಒಂದೇ ಜಾಗದಲ್ಲಿ ನೋಡ್ಬ್ಯಾಡ, ಚಕ್ರ ತಿರುಗಿಸ್ತಾ ನಾಲ್ಕೈದು ಕಡೆ ನೋಡು, ಹಳೇ ಚೈನು ಒಂದು ಕಡೆ ಬಿಗಿ ಒಂದು ಕಡೆ ಸಡ್ಲ ಇರ್ತೈತೆ. ಹಂಗಿದ್ರೆ ಬಿಗಿ ಮಾಡಿ ಉಪಯೋಗ ಇಲ್ಲ, ಚೈನ್ ಸ್ಪ್ರಾಕೆಟ್ ಸೆಟ್ಟೇ ಹಾಕ್ಬೇಕು.

ಇನ್ನು ಆಯಿಲ್. ಈ ಇಂಜಿನ್‌ಗೆ ಕಂಪನಿ ಹೇಳಿರೋದು 10 ಡಬ್ಲ್ಯೂ 30 ದಪ್ಪದ್ದು. ಸೌಂಡ್ ಅಡಗಿಸೋಕೆ ಅಂತ ದಪ್ಪ ಆಯಿಲ್ ಹಾಕಿದ್ರೆ ಬೆಳಿಗ್ಗೆ ತಣ್ಣಗಿದ್ದಾಗ ಮೇಲೆ ಹೆಡ್ಡಿಗೆ ಏರೋಕೆ ಹೊತ್ತು ತಗಂತೈತೆ, ಇಂಜಿನ್ ತಿರುಗೋಕೇ ಭಾರ. ಸೌಂಡ್ ಇದ್ರೆ ಟ್ಯಾಪೆಟ್ ಸೆಟ್ಟಿಂಗ್, ಅಂದ್ರೆ ವಾಲ್ವ್ ಸಂದಿ ಸರಿ ಮಾಡೋದು, ಮಾಡ್ಬೇಕು, ಅದೂ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಸಂದಿ ಅಳೆಯೋ ಫೀಲರ್ ಗೇಜ್ ಹಾಕಿ, ಕಿವೀಲಿ ಕೇಳಿ ಅಂದಾಜಿಗಲ್ಲ. ಡಬ್ಬಿ ಮೇಲೆ ಜಾಸೊ ಎಂಎ ಅಂತ ಬೈಕ್ ಆಯಿಲ್ ಗುರ್ತು ಐತಾ ನೋಡ್ಕಂಡು ತಗಾ, ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರ್ತೈತೆ, ಬೈಕಲ್ಲಿ ಕ್ಲಚ್ ಪ್ಲೇಟೂ ಅದೇ ಆಯಿಲ್‌ನಲ್ಲೇ ಮುಳುಗಿರ್ತಾವೆ. ನಿನ್ನ ಗಾಡಿಗೆ ಕಾರಿನ ಥರ ಪೇಪರ್ ಆಯಿಲ್ ಫಿಲ್ಟರ್ ಇಲ್ಲ, ಕೆಳಗೊಂದು ಜಾಲರಿ, ಕ್ಲಚ್ ಕವರ್ ಒಳಗೆ ಗಿರಗಿರ ತಿರುಗಿ ಕಸ ಅಂಚಿಗೆ ಎಸೆಯೋ ಒಂದು ಬಟ್ಲು, ಅಷ್ಟೇ. ಅದ್ಕೇ ಆಯಿಲ್ ಟೈಮಿಗೆ ಬದ್ಲಾಯ್ಸೋದು ಈ ಗಾಡಿಗೆ ಬಾಳ ಮುಖ್ಯ. ದಿನಾ 50ರಂಗೆ ಮೂರು ತಿಂಗಳಾಯ್ತು ಅಂದ್ರೆ ಮೂರೂವರೆ ಸಾವಿರ ಓಡೈತೆ, ಹೆಂಗೂ ಬದ್ಲಾಯ್ಸೋ ಟೈಮೇ.

ಏರ್ ಫಿಲ್ಟರ್ ಮುಚ್ಚಳ ತೆಗೆದು ನೋಡಿದ್ಯಾ? ಸ್ಪಂಜಿನ್ದಾದ್ರೆ ಸೀಮೆಎಣ್ಣೇಲಿ ತೊಳ್ದು ಒಣಗ್ಸಿ ಚೂರು ಆಯಿಲ್ ಸವರಿ ಹಿಂಡಿ ಹಾಕು. ಎಣ್ಣೆ ಕುಡ್ಸಿರೋ ಪೇಪರಿನ್ದಾದ್ರೆ ತೊಳೆಯೋದೂ ಬ್ಯಾಡ ಗಾಳಿ ಹೊಡೆಯೋದೂ ಬ್ಯಾಡ, ಹೊಸ್ದು ಹಾಕು. ಅರಸೀಕೆರೆ ಕಡೆ ಧೂಳು ಜಾಸ್ತಿ.

ಹೊಗೆ ವಿಷ್ಯ. ಬೆಳಿಗ್ಗೆ ಒಂದು ನಿಮಿಷ ಬಂದು ನಿಂತೋಗೋ ನೀಲಿ ಹೊಗೆ ಬಹುಪಾಲು ಆಯಿಲ್ ಒಳಗೆ ಇಳೀದಂಗೆ ತಡೆಯೋ ವಾಲ್ವ್ ಸೀಲ್‌ದು. ಸೀಲ್ ಗಟ್ಟಿ ಆದ್ರೆ ರಾತ್ರಿಯೆಲ್ಲಾ ಹೆಡ್ಡಿಂದ ಒಂದೊಂದು ಹನಿ ಆಯಿಲ್ ಇಳ್ದು ಕೂತಿರ್ತೈತೆ, ಬೆಳಿಗ್ಗೆ ಸುಡ್ತೈತೆ. ರಿಂಗ್ ಹೋಗಿದ್ರೆ ಎಕ್ಸಲೇಟರ್ ಕೊಟ್ಟಾಗೆಲ್ಲಾ, ಏರು ಹತ್ತೋವಾಗೆಲ್ಲಾ ಹಿಂದೆ ಹೊಗೆ ಬಿಡ್ತಾನೇ ಇರ್ತೈತೆ. ಪ್ಲಗ್ ಬಿಚ್ಚಿ ಬಣ್ಣ ನೋಡು, ತಿಳಿ ಕಂದು ಬಣ್ಣ ಇದ್ರೆ ಆರಾಮ ಇರು, ಒಣ ಮಸಿ ಕಪ್ಪು ಇದ್ರೆ ಏರ್ ಫಿಲ್ಟರ್ ಕಾರ್ಬೊರೇಟರ್ ನೋಡ್ಬೇಕು, ಎಣ್ಣೆ ಎಣ್ಣೆ ಒದ್ದೆ ಇದ್ರೆ ಆಗ ಇಂಜಿನ್ ಮಾತು. ಇವೆಲ್ಲಾ ಮಾಡಿ ಮತ್ತೆ ಒಂದು ಲೀಟರ್ ಲೆಕ್ಕ ಹಾಕಿ ಇಲ್ಲಿ ಬರಿ. ಇಂಜಿನ್ ಎಲ್ಲೂ ಓಡಿಹೋಗಲ್ಲ, ಬಿಚ್ಚೋದು ಕಡೇಗೆ.

ಮೇಲಿನೋರು ಇ20 ಅಂದ್ರು, ಅದು ಸುಳ್ಳಲ್ಲ, ಎಥನಾಲ್‌ಗೆ ಶಕ್ತಿ ಕಮ್ಮಿ. ಆದ್ರೆ ನೀತಿ ಆಯೋಗದ 2021ರ ವರದೀಲೇ ಎರಡು ಚಕ್ರದ ಗಾಡಿಗೆ 3ರಿಂದ 4 ಪರ್ಸೆಂಟ್ ಅಂತ ಐತೆ. ಅದರ ಎರಡಷ್ಟು ಅಂದ್ಕಂಡ್ರೂ 65 ಇದ್ದಿದ್ದು 60ರ ಹತ್ರ ನಿಲ್ಬೇಕು, 42 ಆಗಲ್ಲ. ಇ20 ಇಂದ ಹಳೇ ಗಾಡಿಗೆ ನೋಡ್ಬೇಕಾಗಿರೋದು ರಬ್ಬರ್ರು. ಪೆಟ್ರೋಲ್ ಪೈಪ್ ಗಟ್ಟಿ ಆಗಿ ಬಿರುಕು ಬಿಟ್ಟಿದ್ರೆ ಮೊದ್ಲು ಅದನ್ನ ಬದ್ಲಾಯ್ಸು, ಬಿಸಿ ಇಂಜಿನ್ ಮೇಲೆ ತೊಟ್ಟಿಕ್ಕಬಾರ್ದು.


ಕಾಫಿತೋಟ_18:

ಮೇಲಿನ ಅಣ್ಣ ಹೇಳಿದ್ದೆಲ್ಲಾ ಸರಿ ಇದೆ. ನಾನು ನಿಜವಾಗ್ಲೂ ಬೋರ್ ಮಾಡ್ಸಿದೋನು, ಅದ್ಕೇ ನಂದು ಹೆಂಗಿತ್ತು ಹೇಳ್ತೀನಿ. ಸಾವಿರ ಕಿಲೋಮೀಟರ್‌ಗೆ ಅರ್ಧ ಲೀಟರ್ ಹತ್ರ ಆಯಿಲ್ ಕುಡೀತಿತ್ತು, ಹಿಂದೆ ಬರೋರು ಹೊಗೆಗೆ ಹಾರ್ನ್ ಹೊಡೀತಿದ್ರು, ಕಿಕ್ ಹೊಡೆದ್ರೆ ಕಾಲಿಗೆ ತಡೆಯೇ ಸಿಗ್ತಿರ್ಲಿಲ್ಲ. ಹಂಗಿದ್ರೆ ಮಾತ್ರ ಬಿಚ್ಚಿಸಿ. ಆಯಿಲ್ ಗೇಜ್ ನೋಡೋವಾಗ ಡಬಲ್ ಸ್ಟ್ಯಾಂಡ್ ಹಾಕಿ, ಕಡ್ಡಿನ ಒರೆಸಿ ಸುಮ್ನೆ ಇಳಿಬಿಟ್ಟು ತೆಗೀರಿ, ತಿರುಪು ತಿರುಗಿಸಿ ಬಿಗಿ ಮಾಡಿ ನೋಡಿದ್ರೆ ಲೆವೆಲ್ ಜಾಸ್ತಿ ತೋರಿಸುತ್ತೆ.

ದಾರಿ ಬಗ್ಗೆ, ನೀವು ಹೇಳಿರೋ ದಾರಿ ತುಂಬಾ ಚೆನ್ನಾಗಿದೆ. ಬೆಳವಾಡೀಲಿ ವೀರನಾರಾಯಣ ದೇವಸ್ಥಾನ ಬಿಡ್ಬೇಡಿ, ಹೊಯ್ಸಳರ ತ್ರಿಕೂಟ, ಹಳೇಬೀಡಿನ ಜನ ಜಂಗುಳಿ ಇಲ್ಲಿರಲ್ಲ, ಒಳಗಿನ ಕಂಬಗಳು ಕನ್ನಡಿ ಥರ ಹೊಳೀತವೆ. ಚಿಕ್ಕಮಗಳೂರಿಂದ ಬರ್ತಾ ಕಡೂರು ರಸ್ತೆ ಹಿಡೀರಿ, ಸಖರಾಯಪಟ್ಟಣದ ಹತ್ರ ಅಯ್ಯನಕೆರೆ, ಅಲ್ಲಿಂದ ಕಡೂರು, ಬಾಣಾವರ, ಅರಸೀಕೆರೆ ಅಂತ ಒಂದು ಸುತ್ತು ಮುಗಿಯುತ್ತೆ, ಹೋದ ದಾರೀಲೇ ವಾಪಸ್ ಬರೋದು ಬೇಡ. ಕೆರೆ ಏರಿ ಮೇಲೆ ಸಂಜೆ ಹೊತ್ತು ಕೂರ್ಬೇಕು ನೀವು, ಎದುರಿಗೆ ಶಕುನಗಿರಿ, ಗಾಳಿ.


ಹುಬ್ಬಳ್ಳಿ_ರೋಡು:

ಇಂಜಿನ್ ಮಾತು ಎಲ್ಲಾರೂ ಹೇಳ್ಯಾರ, ನಾ ಬ್ಯಾರೆ ಕೇಳತೇನ್ರಿ. ಅಪ್ಪಾರು ತೀರ್ಕೊಂಡು ಎರಡು ವರ್ಷ ಆತು ಅಂದ್ರಿ, ಗಾಡಿ ಯಾರ ಹೆಸರಿನ್ಯಾಗ ಐತಿ? ಇನ್ನೂ ಅವರ ಹೆಸರಿನ್ಯಾಗ ಇದ್ರ ಇದನ್ನ ಮೈಲೇಜಿಗಿಂತ ಮೊದಲ ನೋಡ್ರಿ. ನಮ್ಮ ಅಕ್ಕನ ಮನ್ಯಾಗ ಹಿಂಗ ಆಗಿತ್ತು, ಮಾವನ ಹೆಸರಿನ ಗಾಡಿ ಮಗ ಹೊಡೀತಿದ್ದ, ಆಕ್ಸಿಡೆಂಟ್ ಆದ ಮ್ಯಾಲೆ ಇನ್ಶೂರೆನ್ಸ್ ಕಾಗದ ಹಿಡ್ಕೊಂಡು ಭಾಳ ಅಲೆದಾಡಿದ್ರು, ಅವರು ಪಟ್ಟ ತ್ರಾಸು ಕಣ್ಣಾರೆ ನೋಡೇನಿ.

ಮಾಲೀಕರು ತೀರ್ಕೊಂಡ್ರ ಮಾರಾಟದ 29, 30ನೇ ಫಾರ್ಮ್ ಅಲ್ರಿ, 31ನೇ ಫಾರ್ಮ್ ಕೊಡಬೇಕು. ಕಾಯ್ದೆ ಪ್ರಕಾರ ಮೂರು ತಿಂಗಳದಾಗ ಹೆಸರು ಬದಲಿ ಮಾಡಿಸ್ಕೋಬೇಕಿತ್ತು, ತಡ ಆಗೇತಿ, ಆದ್ರೂ ಆಗತೈತಿ, ದಂಡ ಕಟ್ಟಬೇಕಷ್ಟ. ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಮ್ಮಾರದು ಮತ್ತ ಅಣ್ಣ ತಮ್ಮ ಅಕ್ಕ ತಂಗಿ ಇದ್ರ ಅವರದು ಒಪ್ಪಿಗೆ ಅಫಿಡವಿಟ್, ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಇಷ್ಟು ಜೋಡಿಸ್ಕೊಂಡು ಹೋಗ್ರಿ. ಇನ್ಶೂರೆನ್ಸ್ ಜೋಡಿ ಬರೋ ಮಾಲೀಕ ಚಾಲಕರ 15 ಲಕ್ಷದ ಅಪಘಾತ ವಿಮಾ ಐತೆಲ್ಲ, ಅದು ಆರ್‌ಸಿಯಾಗ ಹೆಸರು ಇದ್ದವರಿಗೆ ಅಷ್ಟ. ದಿನಾ 50 ಕಿಲೋಮೀಟರ್ ಹೈವೇ ಮ್ಯಾಲೆ ಹೋಗೋ ನಿಮಗ ಈಗ ಆ ಆಸರ ಇಲ್ಲ ಅಂದಂಗ ಆತು, ಮನ್ಯಾಗ ಅಮ್ಮ ಒಬ್ಬರ ಅದಾರ.

ಎರಡನೇದು, 2009ರ ಗಾಡಿ ಅಂದ್ರ 15 ವರ್ಷದ ಆರ್‌ಸಿ 2024ರಾಗ ಮುಗಿದೈತಿ. ಮುಂದಿನ 5 ವರ್ಷಕ್ಕ ರಿನ್ಯೂವಲ್ ಮಾಡಿಸಬೇಕು, 25ನೇ ಫಾರ್ಮ್. ಮೊದಲ 300 ರೂಪಾಯಿ ಇದ್ದ ಫೀ 2022ರ ಏಪ್ರಿಲ್‌ನಿಂದ 1000 ಮಾಡ್ಯಾರ, ತಡ ಆದ್ರ ಬೈಕಿಗೆ ತಿಂಗಳಿಗೆ 300ರಂಗ ಮ್ಯಾಲೆ ಕೂಡಕೋತ ಹೋಗತೈತಿ, ಗ್ರೀನ್ ಟ್ಯಾಕ್ಸ್ ಬ್ಯಾರೆ. 2019ರ ಏಪ್ರಿಲ್‌ಕಿಂತ ಹಿಂದಿನ ಗಾಡಿ ಆದ್ದರಿಂದ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟೂ ಹಾಕಿಸಿರಬೇಕು. ಇನ್ಸ್‌ಪೆಕ್ಟರ್ ಮುಂದ ಗಾಡಿ ತೋರಿಸಬೇಕಾಗತೈತಿ, ಹಾರ್ನು, ಇಂಡಿಕೇಟರು, ಬ್ರೇಕ್ ಲೈಟು ಎಲ್ಲಾ ನಡೀತಿರಬೇಕು. ಇದೆಲ್ಲಾ ಆದ ಮ್ಯಾಲೆ ಚಿಕ್ಕಮಗಳೂರಿಗೆ ಹೋಗ್ರಿ, ಕೆರಿ ಎಲ್ಲೂ ಹೋಗೂದಿಲ್ಲ. ಕಾಗದ ಸರಿ ಇಲ್ಲದ ದೂರ ಹೋಗಬ್ಯಾಡ್ರಿ.


ಕಲ್ಪತರು_44:

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿನ್ನೆ ಭಾನುವಾರ ಪೂರ್ತಿ ಗಾಡಿ ಹತ್ರಾನೇ ಇದ್ದೆ.

ದಾವಣಗೆರೆ ಅಣ್ಣ, ನೀವು ಹೇಳ್ದಂಗೇ ಡಬಲ್ ಸ್ಟ್ಯಾಂಡ್ ಹಾಕಿ ತಿರುಗಿಸ್ದೆ, ಕಾಲು ಸುತ್ತೂ ಬರ್ಲಿಲ್ಲ. ಪೆಡಲ್‌ಗೆ ಪ್ಲೇ ಅನ್ನೋದೇ ಇಲ್ಲ, ಕಾಲಿಟ್ರೆ ಬ್ರೇಕ್ ಲೈಟ್ ಹತ್ಕೊಳುತ್ತೆ. ಸಂಜೆ ಹಿಂದೆ ಬರ್ತಿದ್ದ ಫ್ರೆಂಡ್ ಒಂದ್ಸಲ ಏನೋ ನಿನ್ ಬ್ರೇಕ್ ಲೈಟ್ ಉರೀತಾನೇ ಇರುತ್ತಲ್ಲಾ ಅಂದಿದ್ದು ಈಗ ನೆನಪಾಯ್ತು. ನಟ್ ಆರೇಳು ಸುತ್ತು ಸಡ್ಲ ಮಾಡ್ದೆ, ಆದ್ರೂ ಚೂರು ಹಿಡೀತಿತ್ತು, ಪಕ್ಕದ ಪಂಕ್ಚರ್ ಅಂಗಡಿಯಣ್ಣನ ಹತ್ರ ಚಕ್ರ ಬಿಚ್ಚಿಸಿ ನೋಡಿದ್ರೆ ಕ್ಯಾಮ್ ತುಕ್ಕು ಹಿಡಿದು ಕೂತಿತ್ತು. ಉಜ್ಜಿ ಗ್ರೀಸ್ ಹಚ್ಚಿ ಹಾಕಿದ್ವಿ. ಲೈನರ್ ಒಂದು ಕಡೆ ಗಾಜಿನ ಥರ ನುಣ್ಣಗೆ ಹೊಳೀತಿತ್ತು, ಹೊಸದೇ ಹಾಕಿಸ್ದೆ. ಈಗ ಕೈಲಿ ಒಂದ್ಸಲ ತಿರುಗಿಸಿದ್ರೆ ಮೂರು ಸುತ್ತು ಬರುತ್ತೆ. ಆ ಚಕ್ರ ತಿರುಗೋದು ನೋಡಿ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು, ಮೂರು ತಿಂಗಳು ಪಾಪ ಗಾಡಿನ ಹಂಗೇ ಎಳ್ಸಿದೀನಿ.

ಟೈರಲ್ಲಿ ಗಾಳಿ ಹಿಂದೆ 17 ಇತ್ತು, ಮುಂದೆ 19. ಒಬ್ನೇ ಹೋಗೋದ್ರಿಂದ ಮುಂದೆ 25 ಹಿಂದೆ 28 ಹಿಡಿಸ್ದೆ. ಏರ್ ಫಿಲ್ಟರ್ ಕಪ್ಪಗೆ ಹಿಟ್ಟಿನ ಥರ ಧೂಳು, ಹೊಸದು ಹಾಕ್ದೆ. ಆಯಿಲ್ 10 ಡಬ್ಲ್ಯೂ 30 ಹಾಕಿಸ್ದೆ. ಪ್ಲಗ್ ಒಣ ಕಪ್ಪು ಇತ್ತು, ಎಣ್ಣೆ ಇರ್ಲಿಲ್ಲ, ಉಜ್ಜಿ ಹಾಕಿದೀನಿ. ಎಲ್ಲಾ ಸೇರಿ 1,200 ರೂಪಾಯಿ ಒಳಗೇ ಆಯ್ತು. ಮೈಲೇಜ್ ಒಂದು ವಾರ ಓಡಿಸಿ ಹೇಳ್ತೀನಿ.

ಹುಬ್ಬಳ್ಳಿ ಸರ್, ಗಾಡಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಇನ್ಶೂರೆನ್ಸ್ ವರ್ಷ ವರ್ಷ ಕಟ್ತಿದೀನಿ, ಅಷ್ಟು ಸಾಕು ಅಂದ್ಕೊಂಡಿದ್ದೆ. ಆರ್‌ಸಿ ತೆಗೆದು ನೋಡ್ದೆ, ನೀವು ಹೇಳ್ದಂಗೆ 2024ಕ್ಕೇ ಮುಗಿದಿದೆ. ಹೆಸರು ಬದಲಾಯಿಸೋಕೆ ನಂಗೆ ಒಳಗೊಳಗೇ ಇಷ್ಟ ಇರ್ಲಿಲ್ಲ, ಕಾರ್ಡಲ್ಲಿ ಅಪ್ಪನ ಹೆಸರು ಇರ್ಲಿ ಅಂತ. ರಾತ್ರಿ ಅಮ್ಮಂಗೆ ನೀವು ಬರ್ದಿದ್ದು ಓದಿ ಹೇಳ್ದೆ, ನಾಳೇನೇ ನಾಡಕಚೇರಿಗೆ ಹೋಗು ಅಂದ್ರು. ದಸರಾಗೆ ಟ್ರಿಪ್ ಇಲ್ಲ, ಕಾಗದ ಆದ್ಮೇಲೆ.


ಕರಾವಳಿ_ಸವಾರಿ:

ಓದಿ ಖುಷಿ ಆಯ್ತು ಮಾರಾಯ್ರೆ. ನಾನು ಉಡುಪಿಯವಳು, ನಂದೂ ಡ್ರಮ್ ಬ್ರೇಕಿನ ಹಳೇ 100 ಸಿಸಿ ಗಾಡಿ, ಅದ್ರಲ್ಲೇ ಆಗುಂಬೆ, ಚಾರ್ಮಾಡಿ ಎಲ್ಲ ಹತ್ತಿ ಇಳಿದದ್ದುಂಟು. ಬ್ರೇಕ್ ಸರಿ ಮಾಡಿಸಿದ್ದೀರಿ ಅಲ್ವಾ, ಅದ್ಕೆ ಎರಡು ವಿಷಯ ಹೇಳ್ಲಿಕ್ಕುಂಟು.

ಒಂದು, ಹೊಸ ಲೈನರ್ ಹಾಕಿದ ಮೇಲೆ ಮೊದಲ ನೂರಿನ್ನೂರು ಕಿಲೋಮೀಟರ್ ಅದ್ರ ಮೇಲೆ ಪೂರ್ತಿ ಭರವಸೆ ಇಡ್ಬೇಡಿ, ಡ್ರಮ್ಮಿಗೆ ಕೂತ್ಕೊಳ್ಳಿಕ್ಕೆ ಸಮಯ ಬೇಕು, ಮುಂದಿನ ಗಾಡಿಯಿಂದ ದೂರ ಇರಿ. ಇನ್ನೊಂದು, ನಿಮ್ಮ ದಾರಿಯಲ್ಲಿ ದೊಡ್ಡ ಘಾಟಿ ಇಲ್ಲ, ಆದ್ರೆ ಅಷ್ಟು ದೂರ ಹೋದವ್ರು ಗಿರಿ ಕಡೆ ಹೋಗದೆ ಇರುದಿಲ್ಲ, ಎಲ್ಲರೂ ಹೋಗ್ತಾರೆ. ಮುಳ್ಳಯ್ಯನಗಿರಿ ಕಡೆಗೆ ಹೋದ್ರೆ ಇಳಿವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸ್ಲಿಕ್ಕೆ ಹೋಗ್ಬೇಡಿ. ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ, ಇಂಜಿನ್ನೇ ಹಿಡ್ಕೊಳ್ತದೆ. ಬ್ರೇಕನ್ನ ಒತ್ತಿ ಹಿಡಿದೇ ಇಳಿದ್ರೆ ಡ್ರಮ್ ಕಾದು ಕೊನೆಗೆ ಎಷ್ಟು ಒತ್ತಿದ್ರೂ ಹಿಡಿಯುದಿಲ್ಲ. ನನಗೆ ಒಮ್ಮೆ ಚಾರ್ಮಾಡಿ ಇಳಿವಾಗ ಹಾಗೆ ಆಗಿ, ಬದಿಗೆ ನಿಲ್ಲಿಸಿ ಅರ್ಧ ಗಂಟೆ ಕೂತದ್ದು, ಕೈಕಾಲು ನಡುಗ್ತಿತ್ತು. ಹಾಗೆಯೇ ನೀರು ದಾಟಿದ ಮೇಲೆ ಡ್ರಮ್ ಒಳಗೆ ಒದ್ದೆ ಆಗಿರ್ತದೆ, ನಿಧಾನಕ್ಕೆ ಹೋಗ್ತಾ ಬ್ರೇಕನ್ನ ಮೆಲ್ಲ ಎರಡ್ಮೂರು ಸರ್ತಿ ಹಿಡಿದು ಒಣಗಿಸಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರ್ತದೆ, ನೋಡಿ. 3518 ಅಂದ್ರೆ 2018ರ 35ನೇ ವಾರದಲ್ಲಿ ಮಾಡಿದ ಟೈರ್ ಅಂತ. ಗ್ರಿಪ್ ಗುಂಡಿ ಚೆನ್ನಾಗಿದ್ರೂ ಏಳೆಂಟು ವರ್ಷದ ರಬ್ಬರ್ ಮಳೆಗೆ ಜಾರ್ತದೆ. ನಿಮ್ಮದು ಟ್ಯೂಬ್ ಇರುವ ಟೈರ್, ಹಾಗಾಗಿ ಒಂದು ಟ್ಯೂಬ್, ಪ್ಲಗ್, ಪ್ಲಗ್ ಪಾನಾ, ಕ್ಲಚ್ ಕೇಬಲ್ ಸೀಟಿನ ಬದಿಯ ಬಾಕ್ಸಲ್ಲಿ ಇಟ್ಕೊಳ್ಳಿ. ಪಂಕ್ಚರ್ ಅಂಗಡಿಯಲ್ಲಿ ಎಲ್ಲ ಸೈಜಿನ ಟ್ಯೂಬ್ ಸಿಗ್ಲಿಕ್ಕಿಲ್ಲ. ಹೆಲ್ಮೆಟ್ ಐಎಸ್‌ಐ ಗುರ್ತಿನದ್ದೇ ಹಾಕಿ, ರಸ್ತೆ ಬದಿಯ ಟೋಪಿ ಥರದ್ದು ಬೇಡ.


ಕಲ್ಪತರು_44:

ತುಂಬಾ ದಿನ ಆಯ್ತು, ಅಪ್‌ಡೇಟ್ ಕೊಡೋಣ ಅಂತ ಬಂದೆ. ಬ್ರೇಕ್ ಮಾಡ್ಸಿದ ಮೊದಲ ವಾರಾನೇ 58 ಬಂತು. ಆಮೇಲೆ ಟ್ಯಾಪೆಟ್ ಸೆಟ್ಟಿಂಗ್, ಕಾರ್ಬೊರೇಟರ್ ಕ್ಲೀನಿಂಗ್ ಮಾಡ್ಸಿದ್ಮೇಲೆ 61, 62ರಲ್ಲಿ ನಿಂತಿದೆ. ಆಯಿಲ್ ಗೇಜ್ ಪ್ರತಿ ಭಾನುವಾರ ನೋಡಿ ಕ್ಯಾಲೆಂಡರ್ ಮೇಲೆ ಬರ್ದಿಡ್ತಿದೀನಿ, ಎರಡು ಸಾವಿರ ಕಿಲೋಮೀಟರ್‌ಗೆ ಕಡ್ಡೀಲಿ ಕೂದಲೆಳೆಯಷ್ಟು ಇಳಿದಿದೆ ಅಷ್ಟೇ. ಬೆಳಿಗ್ಗೆ ಹೊಗೆ ಇನ್ನೂ ಇದೆ, ಎಮಿಷನ್‌ನಲ್ಲಿ ಪಾಸ್ ಆಯ್ತು.

ತಿಪಟೂರು ಆರ್‌ಟಿಓಗೆ ನಾಲ್ಕು ಸಲ ಓಡಾಡ್ದೆ. ವಂಶವೃಕ್ಷಕ್ಕೆ ಟೈಮ್ ಹಿಡೀತು, ಮಿಕ್ಕಿದ್ದು ಆಯ್ತು. ಈಗ ಆರ್‌ಸಿ ನನ್ನ ಹೆಸರಲ್ಲಿದೆ, ನನ್ನ ಹೆಸರ ಮುಂದೆ ಬಿನ್ ಅಂತ ಅಪ್ಪನ ಹೆಸರೂ ಇದೆ. ಹುಬ್ಬಳ್ಳಿ ಸರ್, ಅದನ್ನ ನೋಡಿ ಸಮಾಧಾನ ಆಯ್ತು. ಇನ್ಶೂರೆನ್ಸೂ ಬದಲಾಯಿಸಿ 15 ಲಕ್ಷದ್ದು ನನ್ನ ಹೆಸರಿಗೆ ಮಾಡ್ಸಿದೀನಿ.

ಕಾರ್ತಿಕ ಮಾಸದ ಎರಡನೇ ಭಾನುವಾರ ಹೋದೆ. ಒಬ್ನೇ ಹೋಗೋದು ಅಂತ ಇದ್ದಿದ್ದು, ಅಮ್ಮ ನಾನೂ ಬರ್ತೀನಿ ಅಂದ್ರು. ಹಿಂದಿನ ಟೈರ್ 2015ದು ಅಂತ ಗೊತ್ತಾಗಿ ಮೊದ್ಲೇ ಬದಲಾಯಿಸಿದ್ದೆ, ಇಬ್ರು ಅಂತ ಹಿಂದೆ 41 ಗಾಳಿ ಹಿಡಿಸ್ದೆ, ಅಮ್ಮಂಗೂ ಹೆಲ್ಮೆಟ್ ತಗೊಂಡೆ. ಬೆಳಿಗ್ಗೆ ಆರಕ್ಕೆ ಬಿಟ್ವಿ, ಐವತ್ತರ ಮೇಲೆ ಓಡಿಸ್ಲಿಲ್ಲ, ಗಂಟೆಗೊಂದ್ಸಲ ನಿಲ್ಸಿ ಅಮ್ಮ ಕಾಲಾಡಿಸ್ಕೊಂಡ್ರು. ಬೆಳವಾಡಿ ಕಂಬದಲ್ಲಿ ಅಮ್ಮ ಮುಖ ನೋಡ್ಕೊಂಡು ನಕ್ಕಿದ್ದು ಫೋಟೋ ತೆಗೆದಿದೀನಿ. ಗಿರಿಗೆ ಹೋಗ್ಲಿಲ್ಲ, ಇಬ್ರು ಕೂತು ಅಷ್ಟು ಏರು ಈ ಗಾಡಿಗೆ ಬೇಡ ಅನ್ನಿಸ್ತು. ಅಯ್ಯನಕೆರೆ ತುಂಬಿತ್ತು. ಏರಿ ಮೇಲೆ ಚಪಾತಿ ಪಲ್ಯ ಬಿಚ್ಕೊಂಡು ತಿಂದ್ವಿ, ನಿಮ್ಮಪ್ಪ ಮದ್ವೆಗೆ ಮುಂಚೆ ಇಲ್ಲಿಗೆ ಸೈಕಲ್ ತುಳ್ಕೊಂಡು ಬಂದಿದ್ರಂತೆ ಅಂತ ಅಮ್ಮ ಹೇಳಿದ್ರು, ಅಷ್ಟು ದಿನ ನಂಗೆ ಗೊತ್ತೇ ಇರ್ಲಿಲ್ಲ.

ವಾಪಸ್ ಬರ್ತಾ ಬಾಣಾವರ ದಾಟಿದ್ಮೇಲೆ ಚೈನ್ ಕಡೆಯಿಂದ ಕಟ್ ಕಟ್ ಅಂತ ಸಣ್ಣ ಸೌಂಡ್ ಶುರುವಾಗಿದೆ. ರಬ್ಬರ್ ತೆಗೆದು ನೋಡ್ದೆ, ಒಂದು ಕಡೆ ಬಿಗಿ, ಚಕ್ರ ಅರ್ಧ ತಿರುಗಿಸಿದ್ರೆ ನಾಲ್ಕು ಸೆಂಟಿಮೀಟರ್ ಆಡುತ್ತೆ. ಅಣ್ಣ, ಸೆಟ್ ಬದಲಾಯಿಸೋ ಟೈಮ್ ಅಲ್ವಾ?


ಸ್ಪ್ಯಾನರ್_ದಾವಣಗೆರೆ:

ಹೌದು ತಮ್ಮ, ಸೆಟ್ಟೇ ಹಾಕ್ಸು, ಚೈನ್ ಒಂದೇ ಹಾಕ್ಬ್ಯಾಡ, ಹಳೇ ಸ್ಪ್ರಾಕೆಟ್ ಹಲ್ಲು ಹೊಸ ಚೈನ್ ತಿಂದಾಕ್ತೈತೆ. ಹಾಕಿದ್ಮೇಲೆ 90 ನಂಬರ್ ಗೇರ್ ಆಯಿಲ್ ಬಿಡು, ಇಂಜಿನ್ನಿಂದ ತೆಗೆದ ಹಳೇ ಆಯಿಲ್ ಬ್ಯಾಡ, ಅದ್ರಲ್ಲಿ ಲೋಹದ ಪುಡಿ ಇರ್ತೈತೆ. ಎರಡೂ ಕಡೆ ಅಡ್ಜಸ್ಟರ್ ಗೆರೆ ಒಂದೇ ಲೆಕ್ಕಕ್ಕೆ ಐತಾ ನೀನೇ ಬಗ್ಗಿ ನೋಡು. ಬ್ರೇಕ್ ಪೆಡಲ್ ಪ್ಲೇ ನೋಡ್ದೆ ಗಾಡಿ ಅಂಗಡಿಯಿಂದ ಹೊರಗೆ ತರ್ಬ್ಯಾಡ. ಅಮ್ಮನ ಫೋಟೋ ಇಲ್ಲಿ ಹಾಕ್ಬ್ಯಾಡ, ಕೆರೆ ಫೋಟೋ ಹಾಕು ನೋಡನ.